ಬೇಲಿ ಹಾಕುವ ಮೊದಲು ಕೂತು ನೋಡಬೇಕಿತ್ತು

ಗಿಡ ನೆಡುವ ಗುತ್ತಿಗೆ ಹಿಡಿಯುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಫೀಲ್ಡ್ ಸೂಪರ್‌ವೈಸರ್. ಕಾಸರಗೋಡು ಪೇಟೆಯ ಸುತ್ತಮುತ್ತ ನಮ್ಮ ಕೆಲಸ. ಶಾಲೆಯ ಹಿತ್ತಲು, ರಸ್ತೆ ಬದಿ, ಯಾರದ್ದೂ ಅಲ್ಲ ಅಂತ ಬಿದ್ದಿರುವ ಸರಕಾರಿ ಜಾಗ, ಹೀಗೆ. ನಮ್ಮ ಫಾರಂನಲ್ಲಿ ಎಷ್ಟು ಗಿಡ ನೆಟ್ಟಿರಿ ಅಂತ ಬರೆಯಲು ಕಾಲಂ ಇದೆ. ಮುಂದಿನ ಮಾರ್ಚ್‌ನಲ್ಲಿ ಎಷ್ಟು ಉಳಿದಿತ್ತು ಅಂತ ಬರೆಯಲು ಕಾಲಂ ಇಲ್ಲ.

2019ರ ಜೂನ್ 5ರಂದು ಕೇರಳ ಸರಕಾರದ ಹರಿತ ಕೇರಳಂ ಮಿಷನ್ 'ಪಚ್ಚತುರುತ್ತು' ಅಂತ ಒಂದು ಯೋಜನೆ ಶುರು ಮಾಡಿತು. ತುರುತ್ತು ಅಂದರೆ ನಮ್ಮ ಕುದುರು, ನೀರಿನ ನಡುವಿನ ಪುಟ್ಟ ದ್ವೀಪ. ಹಸಿರು ಕುದುರು. ಅರ್ಧ ಸೆಂಟ್ ಜಾಗವಿದ್ದರೂ ಸಾಕು, ಅಲ್ಲಿ ಊರಿನದೇ ಮರಗಳನ್ನು ನೆಟ್ಟು ಪುಟ್ಟ ಕಾಡು ಮಾಡುವುದು. ಆಮೇಲೆ ಅದೇ ಮಾದರಿಯ ಕೆಲಸಗಳು ನಮಗೂ ಬರತೊಡಗಿದವು. ಒಂದು ಸಲ ಸುಮಾರು 40 ಸೆಂಟ್ ಸಿಕ್ಕಿತು. ಪೇಟೆಯ ನಡುವೆ ಅಷ್ಟು ಜಾಗ! ನನಗಂತೂ ಭಾರೀ ಖುಷಿ.

ಮೂಲೆಯಲ್ಲಿ ಒಂದು ದೊಡ್ಡ ಕಾಸರಕದ ಮರ, ಅದರ ಬುಡದಲ್ಲಿ ಆಟೋ ಸ್ಟ್ಯಾಂಡ್. ಉಳಿದದ್ದೆಲ್ಲ ಕಮ್ಯುನಿಸ್ಟ್ ಪಚ್ಚ. (ಆ ಕಳೆಗೆ ಈ ಹೆಸರು ಮಲಯಾಳದಿಂದ ಬಂದದ್ದು. ಎಲ್ಲಿ ನೋಡಿದರೂ ಹಬ್ಬಿರುತ್ತದೆ, ಅದಕ್ಕೇ ಇರಬೇಕು.) ನಾನು ಟೇಪ್ ಹಿಡಿದು ಅಳೆದೆ, ನಕ್ಷೆ ಮಾಡಿದೆ, ಸುತ್ತ ಬೇಲಿ ಹಾಕಿಸಿದೆ. ಸಾಲಾಗಿ 120 ಗಿಡ ನೆಡಿಸಿದೆ. ಫೋಟೋ ತೆಗೆದೆ. ಬಿಲ್ಲು ಪಾಸಾಯಿತು.

ಮೂರನೇ ವಾರಕ್ಕೆ ಎರಡು ಕಡೆ ಬೇಲಿ ಕತ್ತರಿಸಿದ್ದರು. ಕಟ್ಟಿಸಿದೆ. ಮತ್ತೆ ಅಲ್ಲೇ ಕತ್ತರಿಸಿದರು. ನನಗೆ ಸಿಟ್ಟು. "ಈ ಜನಕ್ಕೆ ಏನು ಮಾಡಿದರೂ ಅಷ್ಟೆ" ಅಂತ ಆಫೀಸಿನಲ್ಲಿ ಹೇಳಿಕೊಂಡು ತಿರುಗಿದೆ. ಮಾರ್ಚ್‌ನಲ್ಲಿ ಹೋಗಿ ಎಣಿಸಿದರೆ ಉಳಿದದ್ದು 31.

ಆ ಸಾವಿನಲ್ಲಿ ಅರ್ಧ ಪಾಲು ಜನರದ್ದಲ್ಲ, ಮಣ್ಣಿನದ್ದು. ಅದೂ ನನಗೆ ಗೊತ್ತಿರಬೇಕಿತ್ತು. ನಮ್ಮದು ಮುರಕಲ್ಲಿನ (ಲ್ಯಾಟರೈಟ್) ನೆಲ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ, ಹೆಚ್ಚಿನದೆಲ್ಲ ನಾಲ್ಕು ತಿಂಗಳಲ್ಲಿ. ಗಟ್ಟಿ ಮುರದಲ್ಲಿ ಚೌಕಾಕಾರದ ಹೊಂಡ ತೋಡಿದರೆ ಅದು ಬಕೆಟ್ ಆಗುತ್ತದೆ. ಜುಲೈಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಬದುಕಿದ ಗಿಡದ ಬೇರು ಕಲ್ಲು ದಾಟಲಾಗದೆ ಹೊಂಡದೊಳಗೇ ಸುತ್ತುತ್ತದೆ, ಫೆಬ್ರವರಿಗೆ ಒಣಗುತ್ತದೆ. ಒಂದೇ ಹೊಂಡದಲ್ಲಿ ಮುಳುಗಿಯೂ ಸಾವು, ಬಾಯಾರಿಯೂ ಸಾವು.

ಇದನ್ನು ನನಗೆ ಹೇಳಿದ್ದು ಆಟೋ ಸ್ಟ್ಯಾಂಡಿನ ಒಬ್ಬರು ಹಿರಿಯ ಡ್ರೈವರ್. ಅವರ ಮನೆಯಲ್ಲಿ ತೆಂಗಿನ ತೋಟ. ಮಾರ್ಚ್‌ನ ಆ ಬೆಳಿಗ್ಗೆ ನಾನು ಸತ್ತ ಗಿಡ ಎಣಿಸುತ್ತಿದ್ದಾಗ ಹತ್ತಿರ ಬಂದರು. "ಹೊಂಡದ ಒಂದು ಬದಿ ಹಾರೆಯಲ್ಲಿ ಒಡೆದು ನೀರಿಗೆ ದಾರಿ ಬಿಡಬೇಕಿತ್ತು. ಅಡಿಗೆ ತೆಂಗಿನ ಸಿಪ್ಪೆ ಹಾಕಬೇಕಿತ್ತು, ಅದರ ಗುಳಿ ಇರುವ ಬದಿ ಮೇಲೆ ಮಾಡಿ" ಅಂದರು. ಸಿಪ್ಪೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ತೆಂಗಿಗೆ ಎಲ್ಲರೂ ಮಾಡುವ ಕೆಲಸವೇ. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಊರು ಇದು. ಅಲ್ಲಿದ್ದುಕೊಂಡು ನಾನು ಎಲ್ಲಿಂದಲೋ ಬಂದ ನಕ್ಷೆ ನೋಡಿ ಹೊಂಡ ತೋಡಿಸಿದ್ದೆ. "ಮೊದಲೇ ಯಾಕೆ ಹೇಳಲಿಲ್ಲ?" ಅಂದೆ. "ನೀವು ಕೇಳಿದ್ದೀರಾ?" ಅಂದರು.

ಕೇಳಿರಲಿಲ್ಲ. ಅವರು ಚಹಾಕ್ಕೆ ಕರೆದರು. ಕಾಸರಕದ ಬುಡದಲ್ಲಿ ಕೂತೆ. ಎರಡು ಗಂಟೆ ಸುಮ್ನೆ ಕೂತಿದ್ದಕ್ಕೆ ಸಿಕ್ಕ ಮಾಹಿತಿ ನನ್ನ ಟೇಪಿಗೆ ಸಿಕ್ಕಿರಲಿಲ್ಲ. ಬೇಲಿ ಕತ್ತರಿಸಿದ ಎರಡು ಜಾಗದ ನಡುವೆ ಒಂದು ಕಾಲುದಾರಿ ಇತ್ತು, ಬಸ್ಸಿಗೆ ಹೋಗುವವರದ್ದು. ಅದನ್ನು ಮುಚ್ಚಿದ್ದರಿಂದ ಶಾಲೆ ಮಕ್ಕಳು ಹೈವೇ ಬದಿಯಲ್ಲಿ ಸುತ್ತು ಬಳಸಿ ನಡೆಯುತ್ತಿದ್ದರು. ನಡುವಿನ ಬೋಳು ಜಾಗದಲ್ಲಿ ಸಂಜೆ ಹುಡುಗರ ಕ್ರಿಕೆಟ್. ನಾನು ಸಂಪಿಗೆ ನೆಟ್ಟದ್ದು ಸರಿಯಾಗಿ ಅವರ ಪಿಚ್ ಮೇಲೆ. ಬೇಲಿ ಕತ್ತರಿಸಿದ್ದು ಯಾರು ಅಂತ ಕೇಳಲಿಲ್ಲ. ನಾನಾಗಿದ್ದರೂ ಕತ್ತರಿಸುತ್ತಿದ್ದೆ.

ಇನ್ನೊಂದು ತಪ್ಪು, ಹೇಳಲು ನಾಚಿಕೆ. ಗಿಡ ನೆಡುವ ಮೊದಲು ನಾವೊಂದು ಸಭೆ ಕರೆದಿದ್ದೆವು. ನಾಲ್ಕು ಜನ ಬಂದಿದ್ದರು. "ಜನರಿಗೆ ಆಸಕ್ತಿ ಇಲ್ಲ" ಅಂತ ರಿಪೋರ್ಟ್ ಬರೆದೆ. ನೋಟೀಸು ಅಚ್ಚಾಗಿದ್ದು ಮಲಯಾಳದಲ್ಲಿ ಮಾತ್ರ. ಆ ಕೇರಿಯಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಬರುವುದು ಕನ್ನಡ ಪೇಪರ್. ನಮಗೆ ಬರುವ ಕಾಗದ ಕನ್ನಡದಲ್ಲೂ ಇರಲಿ ಅಂತ ಕೂಗುವ ಊರಿನವನೇ ನಾನು, ಅಲ್ವಾ? ನನ್ನದೇ ಕೆಲಸ ಬಂದಾಗ ಪ್ರೆಸ್ಸಿನವನಿಗೆ ಒಂದು ಪುಟ ಜಾಸ್ತಿ ಹೇಳಲು ಉದಾಸೀನ ಮಾಡಿದೆ.

ಎರಡನೇ ಸಲ ನೋಟೀಸು ಎರಡೂ ಭಾಷೆಯಲ್ಲಿ ಹೋಯಿತು. ಕುಡುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಗುಂಪು) ಹೆಂಗಸರು ಮನೆಮನೆಗೆ ಕೊಟ್ಟರು, ಕೊಡುವಾಗ ತುಳುವಿನಲ್ಲಿ ಹೇಳಿಯೂ ಬಂದರು. ಅರುವತ್ತು ಜನ ಸೇರಿದರು. ಕುರ್ಚಿ ಸಾಲಲಿಲ್ಲ.

ಅಲ್ಲಿ ದೊಡ್ಡ ಜಗಳವಾದದ್ದು ಆ ಕಾಸರಕದ ಬಗ್ಗೆ. ಬೀಜದಲ್ಲಿ ಸ್ಟ್ರಿಕ್ನಿನ್ ವಿಷ ಇದೆ, ಮಕ್ಕಳು ಓಡಾಡುವ ಜಾಗ, ಕಡಿಯಿರಿ ಅಂತ ಕೆಲವು ತಾಯಂದಿರು. ಅವರ ಮಾತು ತಪ್ಪಲ್ಲ. ಆಟೋದವರಿಗೆ ನೆರಳು ಬೇಕು. ಕಾಸರಕ ಇದ್ದದ್ದಕ್ಕೇ ಊರಿಗೆ ಕಾಸರಗೋಡು ಅಂತ ಹೆಸರು ಅಂದರು ಒಬ್ಬ ನಿವೃತ್ತ ಮೇಷ್ಟ್ರು. ಇನ್ನೊಬ್ಬರು ಎದ್ದು, ಅಲ್ಲ, ಅದು ಕೆರೆ ಎಂಬ ಅರ್ಥದ ಕಾಸಾರದಿಂದ ಬಂದದ್ದು ಅಂದರು. ಅರ್ಧ ಗಂಟೆ ಅದರಲ್ಲೇ ಹೋಯಿತು. 2023ರಲ್ಲಿ ಜಿಲ್ಲಾ ಪಂಚಾಯತ್ ಇದನ್ನೇ ಜಿಲ್ಲೆಯ ಮರ ಅಂತ ಘೋಷಿಸಿದೆ ಎಂದು ನಾನು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಒಬ್ಬರು ಅಜ್ಜಿ, "ಅದರ ಕಹಿಗೆ ಯಾವ ಮಗು ಎರಡನೇ ಸಲ ಬಾಯಿ ಹಾಕೀತು? ಕಾಯಿ ಬೀಳುವ ದಿನಗಳಲ್ಲಿ ಗುಡಿಸಿದರಾಯಿತು" ಅಂದರು. ಗುಡಿಸುವವರು ಯಾರು? ಆಟೋದವರು ಒಪ್ಪಿದರು. ಮರಕ್ಕೆ ಬೋರ್ಡು ಹಾಕಿದೆವು: ಕನ್ನಡದಲ್ಲಿ ಕಾಸರಕ, ಮಲಯಾಳದಲ್ಲಿ ಕಾಂಞಿರಂ, ತುಳುವಿನಲ್ಲಿ ಕಾಯೆರ್. ಕೆಳಗೆ ಕೆಂಪಿನಲ್ಲಿ, ಬೀಜ ವಿಷ. ಬೋರ್ಡಿನ ಖರ್ಚು ಕಳೆ ಕೀಳಿಸಿದ ಲೆಕ್ಕದಲ್ಲಿ ತೋರಿಸಿದೆ. ಅದನ್ನು ಇಲ್ಲಿ ಬರೆಯಬಾರದಿತ್ತೇನೋ.

ಆ ವರ್ಷ ನೆಟ್ಟದ್ದು 54 ಮಾತ್ರ. ದಾರಿ ಬಿಟ್ಟೆವು, ಪಿಚ್ ಬಿಟ್ಟೆವು, ಅಂಚಿನಲ್ಲಿ ಗುಂಪು ಗುಂಪಾಗಿ ನೆಟ್ಟೆವು. ರೆಂಜೆ, ಪುನರ್ಪುಳಿ, ನೇರಳೆ, ಹಲಸು, ಸುರಹೊನ್ನೆ. ಹೊಂಡದ ಬದಿ ಒಡೆಸಿದೆ, ಸಿಪ್ಪೆ ಹಾಕಿಸಿದೆ, ಮೇಲೆ ಅಡಿಕೆ ಸೋಗೆ ಮುಚ್ಚಿಸಿದೆ. ಹಿರಿಯ ಡ್ರೈವರ್ ಹೊಂಡಕ್ಕೆ ಉಪ್ಪು ಹಾಕಲೂ ಹೇಳಿದ್ದರು, ಮುರ ಮೆತ್ತಗಾಗುತ್ತದೆ ಅಂತ. ತೆಂಗಿಗೆ ಅದು ಸರಿ, ರೆಂಜೆಗೆ ಆಗದು ಅಂತ ನಾನು ಬಿಟ್ಟೆ. ಈಗಲೂ ಅವರಿಗೆ ಅದು ಒಪ್ಪಿಗೆಯಿಲ್ಲ. ಬೇಸಿಗೆಯ ನೀರಿಗೆ ಪಾಳಿ ಮಾಡಿಕೊಂಡವರು ಊರಿನವರೇ. ಮುಂದಿನ ಮಾರ್ಚ್‌ನಲ್ಲಿ 47 ಇತ್ತು. ನಮ್ಮ ಸಂಸ್ಥೆಯ ಫಾರಂ ಪ್ರಕಾರ ಮಾತ್ರ ಮೊದಲ ವರ್ಷದ ಕೆಲಸವೇ ಒಳ್ಳೆಯದು, 120 ಗಿಡ.

ಈಗ ಹೈವೇ ಅಗಲ ಮಾಡುವಾಗ ಮರ ಕಡಿದ ಒಂದು ಕಡೆ ಹೊಸ ಜಾಗ ಸಿಕ್ಕಿದೆ. ಎಷ್ಟು ಗಿಡ ಬರೆಯಲಿ ಅಂತ ಬಾಸ್ ಕೇಳಿದರು. ಮೊದಲು ಹದಿನೈದು ದಿನ ಅಲ್ಲಿ ಕೂರುತ್ತೇನೆ ಅಂದೆ. ಸಂಬಳ ಕೊಟ್ಟು ಕೂರಿಸುವುದಾ ಅಂತ ನಕ್ಕರು. ನಾಲ್ಕು ದಿನ ಕೊಟ್ಟಿದ್ದಾರೆ. ನಾಳೆ ಬೆಳಿಗ್ಗೆ ಆರಕ್ಕೆ ಹೋಗಬೇಕು, ಮೀನಿನವರು ಬರುವ ಹೊತ್ತಿಗೆ.