ಎಳನೀರು ತರಲು ಹೋದವನು

ಎಂಟನೇ ತರಗತಿಗೆ ಬಂದರೂ ನನಗೆ ಭಾಗಾಕಾರ ಬರುತ್ತಿರಲಿಲ್ಲ. ಇದು ಇಡೀ ಶಾಲೆಗೆ ಗೊತ್ತಿತ್ತು. ಇನ್ಸ್‌ಪೆಕ್ಷನ್ ದಿನ ಲೆಕ್ಕದ ಮೇಷ್ಟ್ರು ತಮ್ಮ ಸೈಕಲ್ ಕೊಟ್ಟು, "ಸಾಹೇಬ್ರಿಗೆ ಎಳನೀರು ತಗೊಂಡು ಬಾರೋ, ನಿಧಾನಕ್ಕೆ ಬಾ" ಎಂದರು. ಆ 'ನಿಧಾನಕ್ಕೆ' ಯಾಕೆಂದು ಅರ್ಥವಾಗಿದ್ದು ಎಷ್ಟೋ ವರ್ಷದ ಮೇಲೆ. ಆವತ್ತು ಖುಷಿಯೋ ಖುಷಿ. ಸೈಕಲ್ ಸಿಕ್ಕಿತ್ತಲ್ವಾ! ನಾನು ವಾಪಸ್ ಬರುವಷ್ಟರಲ್ಲಿ ಸಾಹೇಬರು ನಮ್ಮ ತರಗತಿಗೆ 'ಉತ್ತಮ' ಎಂದು ಬರೆದಾಗಿತ್ತು.

ಮುಂದೆ ಅದೇ ಮೇಷ್ಟ್ರು ಶಾಲೆ ಬಿಟ್ಟ ಮೇಲೆ ನನ್ನನ್ನು ಕೂರಿಸಿಕೊಂಡು, ಹುಣಸೆ ಬೀಜ ಹಂಚಿ ಹಂಚಿ ಭಾಗಾಕಾರ ಕಲಿಸಿದರು. ಅದಕ್ಕೇ ಅವರ ಮೇಲೆ ಸಿಟ್ಟಿಲ್ಲ. ಪಾಪ, ವರದಿಗೆ ಹೆದರಿದ್ದರು.

ಕಾಲೇಜಿನ ಕತೆ ಬಿಡಿ. ಈಗಿನ ಕೆಲಸ ಏನೆಂದು ಊರಿನವರು ಕೇಳಿದರೆ, "ಶಾಲೆ ಯಾರಿಗೆ ಲೆಕ್ಕ ಒಪ್ಪಿಸಬೇಕು, ಹೇಗೆ ಒಪ್ಪಿಸಬೇಕು ಅಂತ ನೋಡೋದು" ಎನ್ನುತ್ತೇನೆ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ಅರ್ಥಶಾಸ್ತ್ರಜ್ಞ ಡೇವಿಡ್ ಫಿಗ್ಲಿಯೊ ಅವರ 2006ರ ಪ್ರಬಂಧ ಕೈಗೆ ಬಂತು. ಅಮೆರಿಕದ ಫ್ಲಾರಿಡಾದ ವಿಷಯ. ಒಂದೇ ಗಲಾಟೆಯಲ್ಲಿ ಇಬ್ಬರು ಮಕ್ಕಳು ಸಿಕ್ಕಿಬಿದ್ದರೆ ಓದಿನಲ್ಲಿ ಹಿಂದಿರುವವನಿಗೆ ಜಾಸ್ತಿ ದಿನ ಸಸ್ಪೆಂಡ್. ಶಾಲೆಯ ಹೆಸರು ನಿಂತಿರುವ ಪರೀಕ್ಷೆ ಬಂದಾಗ ಆ ವ್ಯತ್ಯಾಸ ಇನ್ನೂ ಜಾಸ್ತಿ. ಓದುತ್ತಾ ಜೋರಾಗಿ ನಕ್ಕುಬಿಟ್ಟೆ. ಅಲ್ಲೂ ಎಳನೀರಿಗೆ ಕಳಿಸುತ್ತಿದ್ದಾರಲ್ಲ!

ಹೀಗೆ ಯಾರನ್ನೂ ಹೊರಗಿಡಬಾರದೆಂದು ಅಲ್ಲಿನ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆ ಕನಿಷ್ಠ ಶೇ. 95ರಷ್ಟು ಮಕ್ಕಳು ಪರೀಕ್ಷೆ ಬರೆಯಲೇಬೇಕು ಎಂದಿತು. ನಮ್ಮಲ್ಲಿ 2005ರಲ್ಲಿ ಶುರುವಾದ ಅಸರ್ ಸಮೀಕ್ಷೆ ಹಿಡಿದ ದಾರಿಯೇ ಬೇರೆ. ಅದು ಹಳ್ಳಿಯ ಮನೆ ಬಾಗಿಲಿಗೇ ಹೋಗಿ 5ರಿಂದ 16 ವರ್ಷದ ಮಕ್ಕಳ ಓದು, ಲೆಕ್ಕ ನೋಡುತ್ತದೆ. ಮನೆಯಲ್ಲೇ ಇರುವ ಮಗುವನ್ನು ಯಾರು, ಎಲ್ಲಿಗೆ ಕಳಿಸಿಯಾರು? ಲೆಕ್ಕದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಯಾವುದು ಗೊತ್ತೇ? ಭಾಗಾಕಾರ. ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಬೇಕು. 2022ರ ವರದಿಯಂತೆ ಗ್ರಾಮೀಣ ಭಾರತದ ಎಂಟನೇ ತರಗತಿಯಲ್ಲಿ ಅಷ್ಟು ಬರುವವರು ಶೇ. 44.7. ಮಿಕ್ಕವರೆಲ್ಲ ನನ್ನ ಬೆಂಚಿನವರು.

ಆದರೆ ಅಂಕಿ ಅಂಶ ಹೊರಬಂದ ಮಾತ್ರಕ್ಕೆ ಮಗುವಿಗೆ ಲೆಕ್ಕ ಬರುವುದಿಲ್ಲ. ವರದಿ ಮೇಲಿನವರ ಕಡತ ಸೇರಿ, ಹೆದರಿಕೆ ಮಾತ್ರ ಶಾಲೆಗೆ ತಲುಪಿದರೆ ಮತ್ತೆ ಸೈಕಲ್ ಹೊರಗೆ ಬರುತ್ತದೆ. ಯಾವ ಮಗು ಎಲ್ಲಿ ಎಡವಿದೆ ಎನ್ನುವುದು ಮೊದಲು ಮೇಷ್ಟ್ರ ಕೈಗೆ ಸಿಗಬೇಕು, ಹುಣಸೆ ಬೀಜಕ್ಕೆ ಅವರಿಗೆ ಸಮಯವೂ ಸಿಗಬೇಕು ಎಂದು ಸಭೆಯಿಂದ ಸಭೆಗೆ ವಾದ ಮಾಡುತ್ತಾ ಬಂದಿದ್ದೇನೆ. ಗೆದ್ದದ್ದು ಕಡಿಮೆ.

ಹೋದ ವರ್ಷ ನಮ್ಮ ಆ ಹಳೇ ಶಾಲೆಗೆ ಹೋಗಿದ್ದೆ. ಸುಮ್ನೆ ನೋಡಿಕೊಂಡು ಹೋಗೋಣ ಅಂತ. ಹೆಡ್‌ಮಾಸ್ಟರು ಕುರ್ಚಿ ಹಾಕಿಸಿದರು. ಕಿಟಕಿಯಾಚೆ ಒಬ್ಬ ಹುಡುಗ ಸೈಕಲ್ ತಳ್ಳಿಕೊಂಡು ಗೇಟಿನ ಕಡೆ ಹೊರಟಿದ್ದ. ಕರೆದು ಕೇಳಿದೆ. "ನಿಮಗೇ ಸಾರ್, ಎಳನೀರು" ಎಂದ. ಅವನನ್ನು ಕ್ಲಾಸಿಗೆ ಕಳಿಸಿ, ಸೈಕಲ್ ಇಸಿದುಕೊಂಡು ನಾನೇ ಹೋದೆ.