ಆರನೆಯ ಕಲ್ಲು

"ದೇವಸ್ಥಾನ ಎಲ್ಲಿದೆ?"

ಟ್ರ್ಯಾಕ್ಟರ್‌ನಿಂದ ಇಳಿದ ತಕ್ಷಣ ನನ್ನ ಗೆಳತಿ ಕೇಳಿದಳು. ಕೈಯಲ್ಲಿ ಹಣ್ಣು, ಕಾಯಿ, ಊದಿನಕಡ್ಡಿ ಇಟ್ಟ ಬುಟ್ಟಿ. ಮೈಮೇಲೆ ರೇಷ್ಮೆ ಸೀರೆ. ಎದುರಿಗೆ ಆಳೆತ್ತರದ ಬಿಳಿಜೋಳ, ಪಕ್ಕದಲ್ಲಿ ಕಡಲೆ, ದನ ನುಗ್ಗದ ಹಾಗೆ ಅಂಚಿಗೆ ಹಾಕಿದ ಮುಳ್ಳು ಕುಸುಬಿ. ಅಷ್ಟೇ. ಕಾಕಾ ನಕ್ಕು ನಾಲ್ಕೂ ದಿಕ್ಕಿಗೆ ಕೈ ಬೀಸಿದರು. "ಇದೇ ನೋಡ್ರಿ ಅಕ್ಕಾರ. ಚಪ್ಪಲ್ ಅಲ್ಲೇ ಬಿಡ್ರಿ, ಮುಳ್ಳು ನೋಡಿ ಕಾಲಿಡ್ರಿ."

ಕಲಬುರಗಿ ಕಡೆಯವರಿಗೆ ಎಳ್ಳ ಅಮಾವಾಸ್ಯೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಅವತ್ತು ಶಹರಕ್ಕೆ ಶಹರವೇ ಖಾಲಿ. ಯಾರೂ ಬಂದ್ ಅಂತ ಕೂಗಿರುವುದಿಲ್ಲ, ಆದರೂ ಅಂಗಡಿ ಬಾಗಿಲು ಹಾಕಿರುತ್ತವೆ. ಹೊಲ ಇದ್ದವರು ಹೊಲಕ್ಕೆ, ಇಲ್ಲದವರು ಗೆಳೆಯರ ಹೊಲಕ್ಕೆ. ಯಾರೂ ಕರೆಯದಿದ್ದರೆ ಬುತ್ತಿ ಕಟ್ಟಿಕೊಂಡು ಸಾರ್ವಜನಿಕ ಉದ್ಯಾನಕ್ಕಾದರೂ ಹೋಗುತ್ತಾರೆ. ಮನೆಯಲ್ಲಿ ಕೂತು ಉಣ್ಣುವ ಹಬ್ಬ ಇದಲ್ಲ, ಹೊಲದಲ್ಲೇ ಭೂತಾಯಿಗೆ ಪೂಜೆ ಮಾಡಿ ಅಲ್ಲೇ ಉಣ್ಣುವ ಹಬ್ಬ. ಗಡಿ ದಾಟಿದರೆ ಲಾತೂರಿನವರೂ ಇದನ್ನೇ 'ವೇಳ ಅಮಾವಾಸ್ಯಾ' ಅಂತ ಮಾಡುತ್ತಾರೆ. ಭಾಷೆ ಬೇರೆ, ಬುತ್ತಿ ಒಂದೇ.

ನನ್ನ ಯಜಮಾನರು ಹಾಸನದವರು. ಅಮಾವಾಸ್ಯೆ ಅಂದರೆ ಆ ಕಡೆ ಹೊಸ ಬಟ್ಟೆಯನ್ನೂ ಹಾಕುವುದಿಲ್ಲ. "ಅಮಾವಾಸ್ಯೆಗೆ ಮಗುನ ಕರ್ಕೊಂಡು ಅಷ್ಟು ದೂರ ಯಾಕಮ್ಮಾ?" ಅಂತ ಅತ್ತೆ ಎರಡು ಸಲ ಕೇಳಿದರು. ಆ ವರ್ಷ, ಅಂದರೆ 2024ರಲ್ಲಿ, ಹಬ್ಬ ಡಿಸೆಂಬರ್ 30, ಸೋಮವಾರ ಬಂದಿತ್ತು. ಅತ್ತೆಗೆ ಹರಕೆಯ ವಿಷಯ ಹೇಳಿದ ಮೇಲೆ ಸುಮ್ಮನಾದರು. ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಹತ್ತಿಸುವಾಗ ತಾವೇ ಮಗನ ಹಣೆಗೆ ವಿಭೂತಿ ಇಟ್ಟರು.

ಹರಕೆ ಅಂದೆ ಅಲ್ವಾ. ಮಳೆಗಾಲದಲ್ಲಿ ಮಗನಿಗೆ ಡೆಂಗ್ಯೂ ಬಂದಿತ್ತು. ಪ್ಲೇಟ್‌ಲೆಟ್ ಇಳಿಯುತ್ತಲೇ ಹೋಯಿತು. ಮೂರನೇ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನನಗೆ ಯಾವ ದೇವರ ಹೆಸರೂ ಬಾಯಿಗೆ ಬರಲಿಲ್ಲ. ನಮ್ಮ ಹೊಲ ಕಣ್ಣಿಗೆ ಬಂತು. ಎಳ್ಳಮಾಸಿಯ ಹೊಲ, ಅದರಲ್ಲಿ ಆಯಿ, ತಲೆ ಮೇಲೆ ಸೆರಗು, ಕಂಕುಳಲ್ಲಿ ಚರಗದ ಬುಟ್ಟಿ. ಭೂತಾಯಿಗೆ ಅಂತ ಹೊಲದ ತುಂಬ ಚೆಲ್ಲುವ ಅಡುಗೆಯೇ ಚರಗ. "ಇವನು ಎದ್ದು ಓಡಾಡಿದರೆ ಈ ಸಲ ಇವನ ಕೈಯಿಂದಲೂ ಚರಗ ಚೆಲ್ಲಿಸ್ತೀನಿ ತಾಯಿ" ಅಂದುಕೊಂಡೆ. ಭೂತಾಯಿಗೆ ಹರಕೆ ಹೊರುತ್ತಾರೋ ಇಲ್ಲವೋ ಗೊತ್ತಿಲ್ಲ. ಹೊತ್ತುಬಿಟ್ಟೆ. ಮಗ ಎದ್ದು ಓಡಾಡಿದ.

ಆಯಿ ಅಂದರೆ ನನ್ನ ಅಜ್ಜಿ, ಅಪ್ಪನ ತಾಯಿ. ಅವರು ತೀರಿಕೊಂಡ ವರ್ಷ ಮನೆಯಲ್ಲಿ ಹಬ್ಬ ಮಾಡಿರಲಿಲ್ಲ. ಹಾಗಾಗಿ ಇದು ಆಯಿ ಇಲ್ಲದ ಮೊದಲ ಎಳ್ಳಮಾಸಿ. ಕಾಕಿಗೆ ಮೊಣಕಾಲು ನೋವು, ಎರಿ ಹೊಲದ, ಅಂದರೆ ಕರಿಮಣ್ಣಿನ ಹೊಲದ, ಬಿರುಕಿನಲ್ಲಿ ನಡೆಯಲು ಆಗುವುದಿಲ್ಲ. "ಹಿರಿ ಮೊಮ್ಮಗಳು ನೀ ಇದ್ದಿ, ನೀನೇ ಚಲ್ಲು" ಅಂದರು. ಬೆಂಗಳೂರಿನಿಂದ ನಮ್ಮ ಜೊತೆ ಎರಡು ಸ್ನೇಹಿತರ ಕುಟುಂಬ ಬಂದಿತ್ತು. ಮಕ್ಕಳೆಲ್ಲ ಸೇರಿ ಹದಿನಾರು ಜನ.

ಹಿಂದಿನ ರಾತ್ರಿಯೇ ಒಲೆ ಹೊತ್ತಿತ್ತು. ಸಜ್ಜೆ ಕಡಬು ಆವಿಯಲ್ಲಿ ಬೇಯುತ್ತಿತ್ತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಅನ್ನದ ಹಾಗೆ ಬೇಯಿಸಿದ ಜೋಳದ ಬಾನ, ಪುಂಡಿಪಲ್ಯ, ಎಣ್ಣೆಗಾಯಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಅನ್ನುವ ಚಟ್ನಿಪುಡಿಗಳು, ಮಡಕೆಯಲ್ಲಿ ಅಂಬಲಿ. ಮತ್ತೆ ಭಜ್ಜಿ. ಭಜ್ಜಿ ಅಂದ ಕೂಡಲೇ ಬೆಂಗಳೂರಿನ ಸ್ನೇಹಿತರು ಮೆಣಸಿನಕಾಯಿ ಬಜ್ಜಿಯ ದಾರಿ ನೋಡುತ್ತಿದ್ದರು. ಬಂದದ್ದು ಪಾತ್ರೆ ತುಂಬ ಗಟ್ಟಿ ಪಲ್ಯ! ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಮೆಂತ್ಯ, ಪಾಲಕ್, ಗಜ್ಜರಿ, ಬದನೆ, ಆ ಕಾಲದಲ್ಲಿ ಹೊಲದಲ್ಲಿ ಏನು ಹಸಿರು ಸಿಗುತ್ತದೋ ಎಲ್ಲವೂ. ಅದಕ್ಕೆ ಹುಣಸೆಹುಳಿ, ಕಡಲೆಹಿಟ್ಟು, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಅಳತೆ ಇಲ್ಲ. ಆಯಿ ಕೈಯಲ್ಲಿ ಅದು ಒಂದು ವರ್ಷ ಇದ್ದ ಹಾಗೆ ಇನ್ನೊಂದು ವರ್ಷ ಇರುತ್ತಿರಲಿಲ್ಲ. ಆದರೆ ಎರಡು ವರ್ಷವೂ ಚೆನ್ನಾಗಿರುತ್ತಿತ್ತು.

ಆಯಿ ಚರಗಕ್ಕೆ ಬೇರೆ ಅಡುಗೆ ಮಾಡುತ್ತಿರಲಿಲ್ಲ. ಮಾಡಿದ ಅಡುಗೆಯಲ್ಲಿ ಮೊದಲ ಪಾಲು, ಎಲ್ಲದರದ್ದೂ, ಬುಟ್ಟಿಗೆ. ಕಡಬು ಮುರಿದು, ಬಾನ ಹಾಕಿ, ಭಜ್ಜಿ ಸುರಿದು ಕೈಯಿಂದಲೇ ಕಲಸುತ್ತಿದ್ದರು. ನಾನು ಸಣ್ಣವಳಿದ್ದಾಗ ಆ ಬುಟ್ಟಿಗೆ ಕೈ ಹಾಕಿದ್ದು ಈಗಲೂ ನೆನಪಿದೆ. ಡಿಸೆಂಬರಿನ ಚಳಿಗೆ ಅನ್ನ ತಣ್ಣಗಾಗಿರುತ್ತಿತ್ತು. ಬೆರಳ ಸಂದಿಯಲ್ಲಿ ಅಂಟು. ಅದರ ನಡುವೆ ಎಲ್ಲೋ ಒಂದು ಎಳ್ಳು ಚುರುಕ್ ಅನ್ನುವುದು. ಈಗ ಎಲ್ಲಾದರೂ ಮೊಸರನ್ನಕ್ಕೆ ಕೈ ಹಾಕಿ ಕಲಸುವಾಗ ಥಟ್ಟನೆ ಆ ಬುಟ್ಟಿ ನೆನಪಾಗುತ್ತದೆ. ದೇವರ ನೆನಪು ಕೆಲವರಿಗೆ ಗಂಟೆಯಿಂದ ಬರುತ್ತದೆ, ಕೆಲವರಿಗೆ ಕರ್ಪೂರದಿಂದ. ನನಗೆ ಬೆರಳ ಸಂದಿಯಿಂದ.

ಕಾಕಾ ಬನ್ನಿ ಗಿಡದ ಹತ್ತಿರ, ಜೋಳದ ಸಾಲಿನ ಮೊದಲಲ್ಲಿ, ನಾಲ್ಕಾರು ದಂಟು ಬಾಗಿಸಿ ಗಂಟು ಹಾಕಿ ಸಣ್ಣ ಗುಡಿ ಮಾಡಿದರು. ನಾನು ಐದು ಕಲ್ಲು ಆರಿಸಿ ತಂದು ತೊಳೆದೆ, ಸುಣ್ಣ ಬಳಿದೆ, ಕುಂಕುಮ ಹಚ್ಚಿದೆ. ಪಂಚಪಾಂಡವರು. ಒಂದು ದಂಟಿಗೆ ಕುಪ್ಪಸದ ಕಣ ಸುತ್ತಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಅಡಕಿ, ಎಲೆ ಇಟ್ಟು ಉಡಿ ತುಂಬಿದೆವು. ಜೋಳ ಹೊಡೆ ಹಾಯ್ದು ತೆನೆಯಲ್ಲಿ ಹಾಲು ತುಂಬುವ ಕಾಲ. ಬಸುರಿ ಭೂತಾಯಿಗೆ ಬಯಕೆ ಊಟ. ಗೆಳತಿ ತಾನೇ ಮುಂದೆ ಬಂದು ತನ್ನ ಬುಟ್ಟಿಯ ಬಳೆಗಳನ್ನು ಆ ದಂಟಿನ ಬುಡದಲ್ಲಿ ಇಟ್ಟಳು. ಯಾರೂ ಹೇಳಿರಲಿಲ್ಲ. ಬಳೆ ಯಾಕೆ ತಂದಿದ್ದಳೋ!

ಆಮೇಲೆ ಚರಗ. ಮುಂದೆ ನಾನು ಬುಟ್ಟಿ ಹಿಡಿದು, ಹಿಂದೆ ಮಗ ನೀರಿನ ತಂಬಿಗೆ ಹಿಡಿದು. ನಾನು "ಹುಲ್ಲುಲ್ಲಿಗೋ" ಅನ್ನಬೇಕು, ಅವನು ನೀರು ಚಿಮುಕಿಸುತ್ತಾ "ಚಲ್ಲಂಬ್ರಿಗೋ" ಅನ್ನಬೇಕು. ಈ ಮಾತು ಊರಿಂದ ಊರಿಗೆ ಒಂದಿಷ್ಟು ಬದಲಾಗುತ್ತದೆ. ಪಕ್ಕದ ಹೊಲದವರು ಅದನ್ನೇ ಬೇರೆ ಥರ ಕೂಗುತ್ತಿದ್ದರು. ಅರ್ಥ ಏನು ಅಂತ ನಾವ್ಯಾರೂ ಕೇಳಿದವರಲ್ಲ. ಮಗ ಕೇಳಿದ. "ಭೂತಾಯಿಗೆ ಗೊತ್ತದ, ಕೂಗು" ಅಂದರು ಕಾಕಾ.

ಅರ್ಧ ಹೊಲ ಸುತ್ತಿರಬಹುದು. ಹಿಂದಿನಿಂದ ದನಿ ಬಂತು. "ಯವ್ವಾ ತಂಗಿ, ಹಿಂಗ್ಯಾಕ ಚಲ್ಲಕತ್ತಿ? ಗುಬ್ಬಿಗೆ ನುಚ್ಚು ಹಾಕಿದಂಗ!"

ನಮ್ಮ ಹೊಲ ಪಾಲಿಗೆ ಮಾಡುವವರ ಮನೆಯಾಕೆ ಅವರು. ಊರ ಲೆಕ್ಕದಲ್ಲಿ ನನಗೆ ಅತ್ತಿ ಆಗಬೇಕು. ಆಯಿ ಜೊತೆ ಮೂವತ್ತು ವರ್ಷ ಕಳೆ ತೆಗೆದವರು. ಅವರ ಮಾತು ಕೇಳಿ ನನ್ನ ಕೈ ನೋಡಿಕೊಂಡೆ. ನಿಜ. ಮೂರು ಬೆರಳಲ್ಲಿ ಚಿಟಿಕೆ ಚಿಟಿಕೆ ಚೆಲ್ಲುತ್ತಿದ್ದೆ. ಯಾಕೆ ಅಂತ ನನಗೆ ಗೊತ್ತಿತ್ತು, ಹೇಳಲು ನಾಚಿಕೆ. ಹದಿನಾರು ಜನಕ್ಕೆ ಊಟ ಸಾಲುತ್ತದೋ ಇಲ್ಲವೋ ಅಂತ ಬೆಳಿಗ್ಗೆಯಿಂದ ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ಹೊರಡುವಾಗ ಬುಟ್ಟಿಗೆ ಕಡಬು ಹಾಕುತ್ತಾ ಎರಡು ತೆಗೆದು ಮತ್ತೆ ಡಬ್ಬಿಗೆ ಹಾಕಿದ್ದೆ. ಮಗನ ಜೀವಕ್ಕೆ ಹೊತ್ತ ಹರಕೆ ತೀರಿಸುವಾಗಲೂ ನನ್ನ ಕೈ ಕಡಬು ಎಣಿಸುತ್ತಿತ್ತು.

ಆಯಿ ಮುಟಿಗೆ ತುಂಬ ಎತ್ತಿ, ತೋಳು ಪೂರ್ತಿ ಬೀಸಿ ಎಸೆಯುತ್ತಿದ್ದರು. ಆಕೆಯ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಅನ್ನ ಜೋಳದ ಎಲೆ ಮೇಲೆ ಪಟಪಟ ಬೀಳುವ ಸಪ್ಪಳ ನನಗಿಂತ ನಾಲ್ಕು ಸಾಲು ಆಚೆ ಕೇಳುತ್ತಿತ್ತು.

ಉಳಿದ ಅರ್ಧ ಹೊಲಕ್ಕೆ ನಾನೂ ಹಾಗೇ ಎಸೆದೆ. ಭುಜ ನೋವು ಬಂತು. ಮಗ ಖುಷಿಯಾಗಿ ತಾನೂ ಬುಟ್ಟಿಗೆ ಕೈ ಹಾಕಿದ. ಸ್ನೇಹಿತರಲ್ಲಿ ಒಬ್ಬರು ಮೊಬೈಲ್ ಹಿಡಿದು "ಇನ್ನೊಂದ್ಸಲ ಚೆಲ್ಲಿ, ಬಿಸಿಲು ಅಡ್ಡ ಬಂತು" ಅಂದರು. ಅವರದೇನು ತಪ್ಪು ಬಿಡಿ. ಈಗ ಎಲ್ಲ ಹೊಲದಲ್ಲೂ ಅದೇ. ಚರಗಕ್ಕಿಂತ ಚರಗದ ವಿಡಿಯೋ ಜಾಸ್ತಿ. ಅದಾದರೂ ಸಹಿಸಬಹುದು. ಊಟವಾದ ಮೇಲೆ ಪ್ಲಾಸ್ಟಿಕ್ ತಟ್ಟೆ, ತಂಪು ಪಾನೀಯದ ಬಾಟಲಿಗಳನ್ನು ಬದುವಿನ ಮೇಲೆ ಬಿಟ್ಟು ಹೋಗುತ್ತಾರಲ್ಲ, ಅದು ಮಾತ್ರ ನನಗೆ ತಡೆಯದು. ಬೆಳಿಗ್ಗೆ ಉಡಿ ತುಂಬಿದ ತಾಯಿಯ ಮಡಿಲಿಗೆ ಸಂಜೆ ಕಸ ಸುರಿದು ಹೋಗುವುದೇ? ಮೊದಲು ಕೊಲ್ಲಾರಿ ಬಂಡಿಗೆ ಸವಾರಿ ಕಟ್ಟಿ ಬರುತ್ತಿದ್ದ ಕಾಲದಲ್ಲಿ ಬಾಳೆಎಲೆ, ಮುತ್ತುಗದ ಎಲೆ ಇತ್ತು. ಎತ್ತು ತಿನ್ನುತ್ತಿತ್ತು, ಇಲ್ಲವೇ ಮಣ್ಣು ತಿನ್ನುತ್ತಿತ್ತು. ಹಬ್ಬ ಉಳಿಸಬೇಕು ಅಂತ ಭಾಷಣ ಮಾಡುವವರು ಮೊದಲು ತಮ್ಮ ತಟ್ಟೆ ತಮ್ಮ ಚೀಲಕ್ಕೆ ಹಾಕಿಕೊಂಡರೆ ಅರ್ಧ ಉಳಿಯುತ್ತದೆ.

ಹೊಲ ಸುತ್ತಿ ಬಂದಾಗ ಅತ್ತಿ ಗುಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಬೆರಳಲ್ಲಿ ಸುಣ್ಣ. ಐದು ಕಲ್ಲಿನ ಹಿಂದೆ ಒಂದು ಗೇಣು ಬಿಟ್ಟು ಇನ್ನೊಂದು ಕಲ್ಲು ಇಟ್ಟು ಅದಕ್ಕೆ ಸುಣ್ಣ ಹಚ್ಚುತ್ತಿದ್ದರು.

ನನಗೆ ಎದೆ ಧಸಕ್ ಅಂತು. ಆರನೆಯ ಕಲ್ಲು! ಮರೆತೇಬಿಟ್ಟಿದ್ದೆ.

"ಆಯಿ ಆರು ಇಡ್ತಿದ್ರಲ್ಲ ತಂಗಿ" ಅಂದರು ಅತ್ತಿ, ತಲೆ ಎತ್ತದೆ.

ನಮ್ಮೂರಲ್ಲಿ ಅದನ್ನು ಕಳ್ಳನ ಕಲ್ಲು ಅನ್ನುತ್ತಾರೆ. ಕೆಲವರು ಕರ್ಣ ಅನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಐದೇ ಇಡುತ್ತಾರೆ, ಅದೂ ತಪ್ಪಲ್ಲ. ಆದರೆ ಆಯಿ ಬಿಟ್ಟವರಲ್ಲ. ಮೊದಲ ಕಡಬು ಧರ್ಮರಾಜನಿಗಲ್ಲ, ಈ ಹಿಂದಿನವನಿಗೆ. ಸಣ್ಣವಳಿದ್ದಾಗ ನನಗೆ ಸಿಟ್ಟು. ಕಳ್ಳನಿಗೆ ಯಾಕೆ ಮೊದಲು? ಆಯಿ ಹೇಳಿದ್ದರು, "ಕಳ್ಳ ಅಂದ್ರೂ ಅವನೇ, ಕರ್ಣ ಅಂದ್ರೂ ಅವನೇ. ಕುಂತಿಗೆ ಆರೂ ಮಕ್ಕಳು ಒಂದೇ. ಅವನಿಗೆ ಯಾರೂ ಕರ್ದು ಉಣಿಸಲಿಲ್ಲ, ನಾವು ಉಣಿಸೋಣ." ಅಷ್ಟು ಹೇಳಿ ಅದಕ್ಕೇ ಶರಣಬಸಪ್ಪನ ಕಥೆ ಜೋಡಿಸುತ್ತಿದ್ದರು. ಇನ್ನೂರು ವರ್ಷದ ಹಿಂದೆ ಬದುಕಿದ್ದ ಅರಳಗುಂಡಗಿಯ ಶರಣ, ಹೊಲ ಕಾಯಲು ಹೋದವನು ಹಕ್ಕಿ ಓಡಿಸದೆ, ತಿಂದ ಹಕ್ಕಿಗೆ ಬಾಯಾರುತ್ತದೆ ಅಂತ ನೀರಿಟ್ಟವನು. ಆಯಿ ಹೇಳುವ ಕಥೆಯಲ್ಲಿ, ರಾತ್ರಿ ಕಣಕ್ಕೆ ಬಂದ ಕಳ್ಳರಿಗೆ ಜೋಳದ ಗಂಟನ್ನು ತಾನೇ ಎತ್ತಿ ಹೊರಿಸಿದವನು. ಕಲಬುರಗಿಯ ಅವನ ಗುಡಿಯಲ್ಲಿ ಇವತ್ತಿಗೂ ದಾಸೋಹ ನಡೆಯುತ್ತಿದೆ. ಜಾತ್ರೆಗೆ ಹೋದಾಗಲೆಲ್ಲ ಆಯಿ ಪಂಕ್ತಿಯ ಕೊನೆಯಲ್ಲೇ ಕೂರುತ್ತಿದ್ದರು.

ಇದೆಲ್ಲ ನನಗೆ ಬಾಯಿಪಾಠ. ಸ್ನೇಹಿತರಿಗೆ ರೈಲಿನಲ್ಲಿ ಬರುವಾಗ ಕಥೆ ಹೇಳಿಕೊಂಡೇ ಬಂದಿದ್ದೆ. ಶರಣಬಸಪ್ಪನ ಹಕ್ಕಿ, ಕಳ್ಳ, ಎಲ್ಲಾ. ಕಲ್ಲು ಆರಿಸುವಾಗ ಮಾತ್ರ ಕೈ ಐದಕ್ಕೆ ನಿಂತಿತು. ಹೊಲ ನಮ್ಮದು, ಪಹಣಿಯಲ್ಲಿ ಹೆಸರು ನಮ್ಮದು, ಆಯಿ ನಮ್ಮವರು. ಆರನೆಯದು ನೆನಪಿದ್ದದ್ದು ಪಾಲಿಗೆ ಮಾಡುವವರಿಗೆ.

ಅತ್ತಿ ಪಕ್ಕ ಕೂತೆ. ಕುಂಕುಮ ನಾನು ಹಚ್ಚಿದೆ. ಡಬ್ಬಿ ತೆರೆದು, ಬೆಳಿಗ್ಗೆ ವಾಪಸ್ ಹಾಕಿದ್ದೆನಲ್ಲ, ಆ ಎರಡು ಕಡಬು ತೆಗೆದು ಆ ಕಲ್ಲಿನ ಮುಂದೆ ಇಟ್ಟೆ. ಮೇಲೆ ಎರಡು ಚಮಚ ತುಪ್ಪ. ಅತ್ತಿ ಏನೂ ಅನ್ನಲಿಲ್ಲ. ಅವರಿಗೆ ಡಬ್ಬಿಯ ವಿಷಯ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಆಯಿಗೆ ಮಾತ್ರ ಮನಸ್ಸಿನಲ್ಲೇ ಹೇಳಿದೆ. ಕಣ್ಣು ಒದ್ದೆಯಾಯಿತು. ಮಗ "ಅಮ್ಮಾ, ಸುಣ್ಣ ಬಿತ್ತಾ ಕಣ್ಣಿಗೆ?" ಅಂದ. ಹೂಂ ಅಂದೆ.

ಊಟಕ್ಕೆ ಕಂಬಳಿ ಹಾಸಿ ಕೂತೆವು. ಅತ್ತಿ ಮನೆಯವರೂ ಸೇರಿದರು, ಅವರ ಬುತ್ತಿಯೂ ನಮ್ಮ ಬುತ್ತಿಯೂ ಒಟ್ಟಾಯಿತು. ಪಕ್ಕದ ಹೊಲದಿಂದ ಯಾರೋ ಹೋಳಿಗೆ ತಂದು ಬಡಿಸಿ ಹೋದರು. ಯಜಮಾನರು ಮೂರನೇ ಸಲ ಭಜ್ಜಿ ಹಾಕಿಸಿಕೊಂಡರು. ಗೆಳತಿ ರೇಷ್ಮೆ ಸೀರೆಯ ಅಂಚಿಗೆ ಕಡಲೆ ಗಿಡದ ಹುಳಿ ಅಂಟಿಸಿಕೊಂಡು, ಅದನ್ನೇ ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟು ಕಣ್ಣು ಮುಚ್ಚಿ "ಅಯ್ಯೋ, ಇದು ಗಿಡದ ಮೇಲೇ ಇರುತ್ತಾ!" ಅಂತ ಅಚ್ಚರಿಪಟ್ಟಳು. ಆಯಿ ನಸುಕಿನಲ್ಲಿ ಬಿಳಿ ಅರಿವೆಯನ್ನು ಕಡಲೆ ಹೊಲದ ಮೇಲೆ ಹಾಸಿ, ಇಬ್ಬನಿಯ ಜೊತೆ ಆ ಹುಳಿ ಹೀರಿಸಿ ಸೀಸೆಗೆ ಹಿಂಡಿಡುತ್ತಿದ್ದರು, ನಮ್ಮ ಹೊಟ್ಟೆನೋವಿಗೆಲ್ಲ ಅದೇ ಔಷಧ ಅಂತ ಹೇಳಿದೆ. ಊಟ ಸಾಲುತ್ತದೋ ಇಲ್ಲವೋ ಅಂತ ಚಿಂತೆ ಮಾಡಿದ್ದೆನಲ್ಲ? ರಾತ್ರಿ ರೈಲಿಗೂ ಕಟ್ಟಿಕೊಂಡು ಹೋದೆವು.

ಸಂಜೆ ಹೊರಡುವಾಗ ಮಗ ಓಡಿ ಹೋಗಿ ಕಲ್ಲುಗಳಿಗೆ ಕೈಮುಗಿದು ಬಂದ. ಬಂದವನೇ ಗುಟ್ಟು ಹೇಳುವ ಹಾಗೆ ಹೇಳಿದ, "ಅಮ್ಮಾ, ಪಾಂಡವರದ್ದೆಲ್ಲ ಹಾಗೇ ಇದೆ. ಹಿಂದಿನ ಕಲ್ಲಿನದ್ದು ಎರಡೂ ಕಡಬು ಇಲ್ಲ!"

ಕಾಗೆ ಇರಬಹುದು ಅಂದರು ಯಜಮಾನರು. ಅಳಿಲು ಅಂದಳು ಗೆಳತಿ. ಮಧ್ಯಾಹ್ನದಿಂದ ಪಕ್ಕದ ಹೊಲದ ಕರಿ ನಾಯಿಯೊಂದು ನಮ್ಮ ಸುತ್ತಲೇ ಓಡಾಡುತ್ತಿದ್ದದ್ದನ್ನು ನಾನು ನೋಡಿದ್ದೆ. ಅತ್ತಿ ಟ್ರ್ಯಾಕ್ಟರ್ ಹತ್ತುತ್ತಾ, ಖಾಲಿ ಚರಗದ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು ಅಂದರು:

"ಕಳ್ಳ ಒಯ್ದಾನ ಬಿಡೋ ಅಪ್ಪಿ. ಅವಂದೇ ಇತ್ತು."