ಪುಟಸಂಖ್ಯೆ ಇಲ್ಲದ ನಾಲ್ಕು ಪುಟ

ಸ್ಮರಣ ಸಂಚಿಕೆಯೊಂದರ ಮ್ಯಾಟರ್ 52 ಪುಟ ಬಂದಿತ್ತು. ನಾನು 48ಕ್ಕೆ ಕೂರಿಸಿದೆ. ಮಡಚಿದರೆ ಹದಿನಾರು ಪುಟ ಆಗುವ ಹಾಳೆಗೆ ಫಾರಂ ಅನ್ನುತ್ತೇವೆ, ಅಂಥವು ಮೂರು, ಕರಾರುವಾಕ್ಕಾಗಿ. ಕೆಲಸ ಚೆನ್ನಾಗಿ ಮಾಡಿದೆ ಅಂತಲೇ ಆ ದಿನ ಸಂಜೆವರೆಗೂ ಅಂದುಕೊಂಡಿದ್ದೆ.

ದಾವಣಗೆರೆಯ ಮಂಡಿಪೇಟೆ ಕಡೆಯ ಒಂದು ಪ್ರೆಸ್ಸಿನಲ್ಲಿ ನಾನು ಹದಿನಾಲ್ಕು ವರ್ಷದಿಂದ ಡಿಟಿಪಿ ಮಾಡುತ್ತಿದ್ದೇನೆ. ಮದುವೆ ಕಾರ್ಡು, ಬಿಲ್ ಬುಕ್ಕು, ಶಿವಗಣಾರಾಧನೆ ಪತ್ರಿಕೆ ದಿನದ ಕೆಲಸ. ಆಗಾಗ ಸ್ಮರಣ ಸಂಚಿಕೆ ಬರುತ್ತವೆ. ಇದು ತೀರಿಕೊಂಡ ವಕೀಲರೊಬ್ಬರದ್ದು, ವರ್ಷದ ನೆನಪಿಗೆ, 500 ಪ್ರತಿ. ಮ್ಯಾಟರ್ ತಂದುಕೊಟ್ಟವರು ಅವರ ಜೂನಿಯರ್, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು.

ಟೈಪ್ ಮಾಡುತ್ತಾ ಮಾಡುತ್ತಾ ವಕೀಲರು ನನಗೆ ಪರಿಚಯವಾದರು. ಅವರು ಓದುವಾಗ ಶಿವಗಂಗೋತ್ರಿ ಇನ್ನೂ ಕುವೆಂಪು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. 2009ರಲ್ಲಿ ಅದೇ ದಾವಣಗೆರೆ ವಿಶ್ವವಿದ್ಯಾಲಯವಾದ ಮೇಲೂ ಅವರು ಆ ಗೇಟು ಬಿಡಲಿಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರು ತಪ್ಪಾಗಿದ್ದ ಹುಡುಗರಿಗೆ ಅಫಿಡವಿಟ್ಟು, ಸ್ಕಾಲರ್‌ಶಿಪ್ ನಿಂತವರಿಗೆ ಅರ್ಜಿ, ಕಾನೂನು ವಿದ್ಯಾರ್ಥಿಗಳಿಗೆ ಶನಿವಾರ ಡ್ರಾಫ್ಟಿಂಗ್ ಪಾಠ. ಎನ್ನೆಸ್ಸೆಸ್‌ನ ಏಳು ದಿನದ ಶಿಬಿರ ಜಗಳೂರು ತಾಲ್ಲೂಕಿನ ಯಾವ ಊರಿನಲ್ಲಿದ್ದರೂ ಒಂದು ಸಂಜೆ ಅವರದ್ದು. ದುಡ್ಡಿಲ್ಲ ಅಂತ ಕೋರ್ಟಿಗೆ ಹೋಗದೆ ಇರಬೇಡಿ, ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಅಂತ ಶಾಲೆಯ ಕಟ್ಟೆ ಮೇಲೆ ಕೂತು ಹೇಳುತ್ತಿದ್ದರಂತೆ.

ಇದೆಲ್ಲ ಗಣ್ಯರ ಲೇಖನಗಳಲ್ಲಿತ್ತು. ಕೊನೆಗೆ ಪಿನ್ ಹೊಡೆದ ಒಂದು ಕಟ್ಟು, ಒಂಬತ್ತು ಕೈಬರಹದ ಪತ್ರ, ಎಲ್ಲ ಸೇರಿ ನಾಲ್ಕು ಪುಟ. ಅವನ್ನೂ ನಾನೇ ಟೈಪ್ ಮಾಡಿದ್ದೆ. ಒಂದು, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹೆಂಗಸಿನದ್ದು. ಗಂಡ ಅಪಘಾತದಲ್ಲಿ ಹೋದ. ಕೇಸಿಗೆ ದುಡ್ಡೆಲ್ಲಿಂದ ತರಲಿ ಅಂತ ಸುಮ್ಮನಿದ್ದವಳಿಗೆ ವಕೀಲರು, "ಹೆಣ್ಣುಮಕ್ಕಳಿಗೆ ಫೀಸಿಲ್ಲಮ್ಮ, ಕಾಯ್ದೆನೇ ಹಂಗೈತಿ" ಅಂದರಂತೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಅದು. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೂ ಇಲ್ಲ ಅಂತ ನನಗೆ ಗೊತ್ತಾದದ್ದೇ ಈ ಸಂಚಿಕೆಯಿಂದ. ಕೊನೆಗೆ ಲೋಕ್ ಅದಾಲತ್‌ನಲ್ಲಿ ರಾಜಿ ಆಯಿತು. "ಇಲ್ಲಿ ಒಪ್ಪಿ ಸಹಿ ಮಾಡಿದ ಮೇಲೆ ಇದರ ಮೇಲೆ ಅಪೀಲಿಲ್ಲ, ಅದಕ್ಕೇ ಮೊತ್ತ ಸಾಲ್ತೈತೋ ಇಲ್ಲೋ ಯೋಚನೆ ಮಾಡಿ ಹೇಳು ಅಂದ್ರು. ಎರಡು ಸಲ ನಾನೇ ಬ್ಯಾಡ ಅಂದೆ, ಬೈಲಿಲ್ಲ" ಅಂತ ಬರೆಸಿದ್ದಳು.

ಇದನ್ನು ಓದಿ, ಟೈಪ್ ಮಾಡಿ, ಆಮೇಲೆ ಕಿತ್ತು ಹಾಕಿದವನು ನಾನು. ಸಂದೇಶದ ಆರು ಪುಟ ಮುಟ್ಟಬೇಡ ಅನ್ನುವುದು ನಮ್ಮ ಮಾಲೀಕರ ಕಾಯಂ ಆರ್ಡರ್. ಫೋಟೊ ಹಾಕಿದ ದೊಡ್ಡವರು ನಾಳೆ ಇನ್ನೊಂದು ಕೆಲಸ ಕೊಡುತ್ತಾರೆ ಅನ್ನುವ ಲೆಕ್ಕ. ಆದರೆ ಪತ್ರ ತೆಗೆ ಅಂತ ಅವರು ಹೇಳಿರಲಿಲ್ಲ. ಹೆಸರಿನ ಮುಂದೆ ಡಾಕ್ಟರೂ ಇಲ್ಲ, ಪ್ರೊಫೆಸರೂ ಇಲ್ಲ, ಭಾಷೆ ನೆಟ್ಟಗಿಲ್ಲ, ಯಾರು ಕೇಳುತ್ತಾರೆ ಅಂತ ತೀರ್ಮಾನ ಮಾಡಿದ್ದು ನಾನೇ. ಕೆಲಸ ಕೊಟ್ಟವರಿಗೆ ಒಂದು ಫೋನು ಮಾಡಲಿಲ್ಲ.

ಸಂಜೆ ಏಳಕ್ಕೆ ಜೂನಿಯರ್ ಮೇಡಂ ಬಂದರು. ಮರುದಿನ ಹತ್ತೂವರೆಗೆ ಕಾರ್ಯಕ್ರಮ. ಫಾರಂ ಮಡಚಿ ಆಗಿತ್ತು, ಅರವತ್ತು ಪ್ರತಿಗೆ ಪಿನ್ನೂ ಬಿದ್ದಿತ್ತು. ಒಂದು ಪ್ರತಿ ತಗೊಂಡು ನಿಂತಲ್ಲೇ ತಿರುವಿದರು. ಕೊನೆಗೆ ಬಂದರು, ಮತ್ತೆ ಹಿಂದಕ್ಕೆ ಹೋದರು, ಮತ್ತೆ ಕೊನೆಗೆ ಬಂದರು.

"ಪತ್ರಗಳು ಎಲ್ಲಿ?"

"ಫಾರಂಗೆ ಕೂರಲಿಲ್ಲ ಮೇಡಂ."

"ಸಂದೇಶ ಎಷ್ಟು ಪುಟ ಇದೆ?"

"ಆರು."

ಅವರು ಕೂಗಾಡಿದ್ದರೆ ನಾನೂ ಏನಾದರೂ ವಾದ ಮಾಡುತ್ತಿದ್ದೆ. ಕೂಗಲಿಲ್ಲ, ಸ್ಟೂಲಿನ ಮೇಲೆ ಕೂತರು. ಮಡಚುತ್ತಿದ್ದ ಹುಡುಗರ ಕೈ ನಿಂತಿತು. ಸುಮಾರು ಹೊತ್ತಾದ ಮೇಲೆ, "ಸನ್ಮಾನದ ಫಲಕ, ಶಾಲು ಎಲ್ಲ ಸರ್ ಅಟ್ಟಕ್ಕೆ ಹಾಕಿಸಿದ್ದರು. ಈ ಪತ್ರ ಮಾತ್ರ ಮೇಜಿನ ಡ್ರಾದಲ್ಲಿ ಇಟ್ಟುಕೊಂಡಿದ್ದರು. ಇವನ್ನು ಅಚ್ಚು ಮಾಡಿಸೋಕೇ ಸಂಚಿಕೆ ಅಂತ ಹೊರಟದ್ದು" ಅಂದರು. ನನಗೆ ಬಾಯಿ ಒಣಗಿತು. ಕಟ್ಟು ಕೊನೆಯಲ್ಲಿತ್ತು ಅಂತ ಅದು ಕಡೆಯದು ಅಂದುಕೊಂಡಿದ್ದೆ.

ಮಾಲೀಕರಿಗೆ ಫೋನ್ ಮಾಡಿದರೆ, ಜೆರಾಕ್ಸ್ ಮಾಡಿ ಒಳಗೆ ಇಟ್ಟುಕೊಡು ಅಂದರು. ಬಿಡಿ ಹಾಳೆ ಸಭೆಯಲ್ಲೇ ಉದುರಿ ಹೋಗುತ್ತದೆ. ಪೇಪರ್ ನನ್ನ ಸಂಬಳದಲ್ಲಿ ಹಿಡಿದುಕೊಳ್ಳಿ ಅಂದು ಫೋನಿಟ್ಟೆ. ನಾಲ್ಕು ಪುಟ ಅಂದರೆ ಎ3ಯ ಒಂದೇ ಶೀಟು, ಮಿನಿ ಆಫ್‌ಸೆಟ್‌ನಲ್ಲಿ ಹಿಂದೆ ಮುಂದೆ ಹೊಡೆದು ನಟ್ಟನಡುವೆ, 24 ಮತ್ತು 25ರ ಮಧ್ಯೆ ಸೇರಿಸಬಹುದು. ಬೈಂಡಿಂಗ್ ಹುಡುಗ ಮನೆಗೆ ಹೊರಟವನು ಚೀಲ ಕೆಳಗಿಟ್ಟು ಅರವತ್ತು ಪ್ರತಿಯ ಪಿನ್ ಬಿಚ್ಚಲು ಕೂತ. ಅವನಿಗೆ ಯಾರೂ ಹೇಳಿರಲಿಲ್ಲ.

ಫೈಲು ಹಳೇ ಸಿಸ್ಟಂನ 'ನುಡಿ' ತಂತ್ರಾಂಶದ ಅಕ್ಷರದಲ್ಲಿತ್ತು. ಹೊಸದರಲ್ಲಿ ಯೂನಿಕೋಡ್. ಇಷ್ಟು ವರ್ಷವಾದರೂ ಒಂದರಿಂದ ಇನ್ನೊಂದಕ್ಕೆ ಬದಲಿಸುವ ಈ ಕನ್ವರ್ಟರ್ ಕಾಟ ತಪ್ಪಿಲ್ಲ. ಅವತ್ತು ಅರ್ಕಾವತ್ತು ಹಾರಿಸಿತು. ಕೋರ್ಟು ಇದ್ದಲ್ಲೆಲ್ಲ ಕೋಟು, ಅರ್ಜಿ ಇದ್ದಲ್ಲಿ ಅಜಿ. ಕಣ್ಣಲ್ಲೇ ಹುಡುಕಿ ತಿದ್ದಿದೆ. ಹನ್ನೊಂದೂ ಮುಕ್ಕಾಲಿಗೆ ಕರೆಂಟು ಹೋಗಿ ಮುಕ್ಕಾಲು ಗಂಟೆ ಬರಲಿಲ್ಲ. ಮೊಬೈಲ್ ಬೆಳಕಿನಲ್ಲಿ ಮೇಡಂ ಮೂಲ ಪತ್ರ ಓದುತ್ತಿದ್ದರು, ನಾನು ಪ್ರಿಂಟ್ ನೋಡುತ್ತಿದ್ದೆ. ನಾಲ್ಕರ ಹೊತ್ತಿಗೆ ಕೊನೆಯ ಕಟ್ಟು ಮುಗಿಯಿತು. ಆ ನಾಲ್ಕು ಪುಟಕ್ಕೆ ಸಂಖ್ಯೆ ಹಾಕಲು ಬರುತ್ತಿರಲಿಲ್ಲ, ಉಳಿದವೆಲ್ಲ ಅಚ್ಚಾಗಿದ್ದವು.

ಅಂದಿನಿಂದ ಜಾಬ್ ಕಾರ್ಡಿನ ಹಿಂದೆ ಕೈಯಲ್ಲಿ ಬರೆದುಕೊಳ್ಳುತ್ತೇನೆ: ಏನು ತೆಗೆದೆ, ಯಾರನ್ನು ಕೇಳಿ ತೆಗೆದೆ. ಕಾರ್ಡಿನಲ್ಲೇ ಅಚ್ಚು ಹಾಕಿಸೋಣ ಅಂತ ಎರಡು ಸಲ ಹೇಳಿದೆ, ಮಾಲೀಕರು ಕಿವಿಗೆ ಹಾಕಿಕೊಂಡಿಲ್ಲ. ಬೇರೆಯವರ ಮನೆಯ ಸಾವಿನ ಕೆಲಸ ಕೈಗೆ ಬಂದಾಗ ಯಾವುದು ಮುಖ್ಯ ಅಂತ ನಿರ್ಧರಿಸುವ ಅಧಿಕಾರ ನನಗಿಲ್ಲ.

ಬೆಳಿಗ್ಗೆ ಪ್ರತಿ ಇಳಿಸಲು ನಾನೇ ಹಾಲ್‌ಗೆ ಹೋದೆ. ನಡುವೆ ಪಿನ್ ಹೊಡೆದ ಪುಸ್ತಕ ಕೈಗೆ ತಗೊಂಡರೆ ನಡುವಿಗೇ ತೆರೆದುಕೊಳ್ಳುತ್ತದೆ. ಕುರ್ಚಿಯಲ್ಲಿ ಕೂತವರೆಲ್ಲ ಮೊದಲು ಆ ಪುಟಗಳನ್ನೇ ನೋಡುತ್ತಿದ್ದರು. ಹಿಂದಿನ ಸಾಲಿನಲ್ಲಿ ವಯಸ್ಸಾದ ಒಬ್ಬ ಹೆಂಗಸು, ಪಕ್ಕದಲ್ಲಿ ಮಗಳು. "ನಂದು ಐತೇನಪ್ಪ ಇದರಾಗ?" ಅಂತ ಕೇಳಿದಳು. ತೋರಿಸಿದೆ. ತೋರಿಸುವಾಗಲೇ ಕಣ್ಣಿಗೆ ಬಿತ್ತು, ಮೂರನೇ ಸಾಲಿನಲ್ಲಿ ಒಂದು ಕೋಟು ಉಳಿದುಬಿಟ್ಟಿತ್ತು.

ಮಗಳು ಅಮ್ಮನಿಗೆ ಓದಿ ಹೇಳತೊಡಗಿದಳು. ಹಿಂದೆ ಆ ಪತ್ರ ಬರೆದುಕೊಟ್ಟವಳು ಅವಳೇ. ಮೂರನೇ ಸಾಲಿಗೆ ಬಂದಾಗ ತಡವರಿಸದೆ "ಕೋರ್ಟು" ಅಂತಲೇ ಓದಿ ಮುಂದೆ ಹೋದಳು.